ಸಂಸ್ಥೆಯ ಸ್ಮೃತಿ ಮತ್ತು ನಮ್ಮ ಕರ್ತವ್ಯ

ವಿದ್ಯಾಸಂಸ್ಥೆಯೊಂದರ ಸಂಪತ್ತು ಯಾವುದೆಂದು ಕೇಳಿದರೆ ನಾವು ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆಗಳನ್ನು ಹೆಸರಿಸುತ್ತೇವೆ. ಶ್ರೀಮಠದ ಆಶ್ರಯದಲ್ಲಿ ಬೆಳೆದ ಶಾಲೆಗೆ ಇವೆಲ್ಲಕ್ಕಿಂತ ಹಿರಿದಾದ ಸಂಪತ್ತು ಅದರ ಜನ. ಇಲ್ಲಿ ಕಲಿತವರು, ಕಲಿಸಿದವರು, ದಾಸೋಹಕ್ಕೆ ಕಾಳು ಕಳುಹಿಸಿದವರು, ಕೊಠಡಿ ಕಟ್ಟಿಸಿಕೊಟ್ಟವರು, ಇವರೆಲ್ಲರ ಹೆಸರು ವಿಳಾಸಗಳು ಹಿಂದೆ ಕಚೇರಿಯ ದಪ್ಪ ವಹಿಯೊಂದರಲ್ಲಿ ಇರುತ್ತಿದ್ದವು. ಇಂದು ಅವು ಹಲವರ ಮೊಬೈಲುಗಳಲ್ಲಿಯೂ ಕಚೇರಿಯ ಗಣಕಯಂತ್ರದಲ್ಲಿಯೂ ಚದುರಿಹೋಗಿವೆ. ಒಬ್ಬರು ನಿವೃತ್ತರಾದರೆ, ಒಂದು ಮೊಬೈಲು ಕಳೆದುಹೋದರೆ, ಸಂಸ್ಥೆಯ ಸ್ಮೃತಿಯ ಒಂದು ಭಾಗವೇ ಅಳಿದುಹೋಗುತ್ತದೆ. ಲಿಂಗೈಕ್ಯರಾದ ದಾನಿಗಳ ಹೆಸರಿಗೇ ಆಹ್ವಾನಪತ್ರಿಕೆ ಹೋದರೆ ಆ ಮನೆಯವರಿಗಾಗುವ ನೋವನ್ನು ಯಾವ ಕ್ಷಮಾಯಾಚನೆಯೂ ಅಳಿಸಲಾರದು.

ಇದಕ್ಕೆ ಉಪಾಯವಿಲ್ಲದೆ ಇಲ್ಲ. 1996ರಲ್ಲಿ ಬಂದ ಪೈಲಟ್ ಎಂಬ ಅಂಗೈಯಂತ್ರವನ್ನು ಪೀಠದಲ್ಲಿರಿಸಿ ಗುಂಡಿ ಒತ್ತಿದರೆ ಅದರಲ್ಲಿನ ವಿಳಾಸಗಳೂ ಗಣಕಯಂತ್ರದ ವಿಳಾಸಗಳೂ ಒಂದಕ್ಕೊಂದು ಸರಿಹೊಂದುತ್ತಿದ್ದವು. ಇಂದು ಆ ತಂತಿಯೂ ಬೇಕಿಲ್ಲ. ದಿನದರ್ಶಿಕೆಗಾಗಿ 2007ರಲ್ಲಿ ಕ್ಯಾಲ್‌ಡಾವ್, ವಿಳಾಸಗಳಿಗಾಗಿ 2011ರಲ್ಲಿ ಕಾರ್ಡ್‌ಡಾವ್ ಎಂಬ ಮುಕ್ತ ವಿಧಾನಗಳು ಪ್ರಕಟವಾದವು. ಮೂಲ ಪ್ರತಿಯು ಸರ್ವರಿನಲ್ಲಿರುತ್ತದೆ. ಬದಲಾದ ದಾಖಲೆಗಳನ್ನಷ್ಟೇ ಪ್ರತಿ ಯಂತ್ರವೂ ಕೇಳಿ ಪಡೆಯುತ್ತದೆ. ಐಫೋನಿನಲ್ಲಿ ಈ ಸೌಕರ್ಯ ಅಡಕವಾಗಿಯೇ ಇದೆ. ಆಂಡ್ರಾಯ್ಡ್ ಮೊಬೈಲಿಗೆ ಬೇರೆ ಆ್ಯಪ್ ಒಂದನ್ನು ಹಾಕಿಕೊಳ್ಳಬೇಕಾಗುತ್ತದೆ.

ವಾಟ್ಸಾಪ್ ಗುಂಪೊಂದಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಗುಂಪಿನಲ್ಲಿ ಸಂಖ್ಯೆ ಸಿಗುತ್ತದೆಯೇ ಹೊರತು ವ್ಯಕ್ತಿಯ ಊರು, ಓದಿದ ವರ್ಷ, ಸಂಸ್ಥೆಯೊಡನೆ ಅವರ ಸಂಬಂಧ ಸಿಗುವುದಿಲ್ಲ. ಪಾಟೀಲ, ಹಿರೇಮಠ ಎಂಬ ಅಡ್ಡಹೆಸರಿನವರು ನಮ್ಮಲ್ಲಿ ಎಷ್ಟು ಮಂದಿ! ಒಬ್ಬರೇ ವ್ಯಕ್ತಿ ಒಂದು ಕಡೆ ಊರಿನ ಹೆಸರಿನೊಡನೆ, ಇನ್ನೊಂದು ಕಡೆ ತಂದೆಯ ಹೆಸರಿನ ಮೊದಲಕ್ಷರದೊಡನೆ ದಾಖಲಾದರೆ ಯಂತ್ರಕ್ಕೆ ಅವರು ಇಬ್ಬರು. ಆದುದರಿಂದ ಹೆಸರು ಬರೆಯುವ ಕ್ರಮವನ್ನು ಮೊದಲು ನಾವೇ ಗೊತ್ತುಪಡಿಸಿಕೊಳ್ಳಬೇಕು.

ದಿನದರ್ಶಿಕೆಯಲ್ಲಿಯೂ ಇಂಥದೇ ಎಚ್ಚರ ಬೇಕು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರು ಜನಿಸಿದ್ದು 1907ರ ಏಪ್ರಿಲ್ 1ರಂದು; ಅವರ ಜಯಂತಿಯನ್ನು ಯಂತ್ರ ವರ್ಷವರ್ಷವೂ ತಪ್ಪದೆ ನೆನಪಿಸೀತು. ಆದರೆ ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ 2024ರಲ್ಲಿ ಮೇ 10ಕ್ಕೂ 2025ರಲ್ಲಿ ಏಪ್ರಿಲ್ 30ಕ್ಕೂ ಬಂದಿತು. ದಿನಾಂಕವನ್ನೇ ಪುನರಾವರ್ತಿಸುವಂತೆ ಯಂತ್ರಕ್ಕೆ ಹೇಳಿಬಿಟ್ಟರೆ ಅದು ತಪ್ಪು ದಿನವನ್ನೇ ಎಲ್ಲರ ಕೈಗೂ ನಿಷ್ಠೆಯಿಂದ ತಲುಪಿಸುತ್ತದೆ. ಪಂಚಾಂಗ ನೋಡಿ ವರ್ಷಕ್ಕೊಮ್ಮೆ ತಿಥಿಗಳನ್ನು ತುಂಬುವ ಕಾಯಕ ಮನುಷ್ಯನದೇ.

ಇನ್ನು ಮೂರು ನಿಯಮಗಳನ್ನು ಆಡಳಿತ ಮಂಡಳಿಯವರ ಗಮನಕ್ಕೆ ತರಬಯಸುತ್ತೇನೆ. ಮೊದಲನೆಯದು, ತಿದ್ದುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಇರಲಿ, ಉಳಿದವರು ಓದಲಿ. ಇಬ್ಬರು ಒಂದೇ ದಾಖಲೆಯನ್ನು ಬೇರೆಬೇರೆಯಾಗಿ ತಿದ್ದಿದರೆ ಒಬ್ಬರ ತಿದ್ದುಪಡಿ ಸದ್ದಿಲ್ಲದೆ ಅಳಿದುಹೋಗಬಹುದು. ಎರಡನೆಯದು, ಹೀಗೆ ಸರಿಹೊಂದಿಸುವುದು ಬೇರೆ, ಕಾಪಿಡುವುದು ಬೇರೆ. ಒಂದು ಕಡೆ ಅಳಿಸಿದ ಹೆಸರು ಎಲ್ಲ ಕಡೆಯೂ ಅಳಿಯುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಪ್ರತ್ಯೇಕ ಪ್ರತಿಯೊಂದನ್ನು ತೆಗೆದಿಡಬೇಕು, ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ಹಾಕಿಸಿ ಕಪಾಟಿನಲ್ಲಿ ಭದ್ರವಾಗಿಡಬೇಕು. ಮೂರನೆಯದು, ಈ ಸಂಖ್ಯೆಗಳು ನಮ್ಮ ಸ್ವತ್ತಲ್ಲ. ನಂಬಿ ಕೊಟ್ಟವರ ಒತ್ತೆ. ವ್ಯಕ್ತಿಗಳ ಮಾಹಿತಿಯ ಬಳಕೆಯಲ್ಲಿ ಅವರ ಸಮ್ಮತಿಗೆ ಮನ್ನಣೆ ನೀಡುವ ಕಾನೂನನ್ನು ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಕಾನೂನು ಇಲ್ಲದಿದ್ದರೂ, ಹಳೆಯ ವಿದ್ಯಾರ್ಥಿಯ ಸಂಖ್ಯೆ ವ್ಯಾಪಾರಿಯ ಕೈಸೇರದಂತೆ ಕಾಯುವುದು ನಮ್ಮ ಧರ್ಮವಾಗಿದೆ.

ಇದಕ್ಕೆ ತಗಲುವ ವೆಚ್ಚ ಅಲ್ಪ, ಬೇಕಾದ ಶ್ರದ್ಧೆ ಅಧಿಕ. ಸಮಾಜದ ಸೊತ್ತು ಒಬ್ಬರ ಜೇಬಿನಲ್ಲಿ ಉಳಿಯಬಾರದೆಂಬ ವಿವೇಕ ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಹೊಸದೇನೂ ಅಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಸರಿಯಾದ ವಿಳಾಸವನ್ನು ತಾವಾಗಿಯೇ ಕಚೇರಿಗೆ ತಿಳಿಸಲಿ. ತಂತ್ರಜ್ಞಾನ ಬಲ್ಲವರು ವರ್ಷದಲ್ಲಿ ಎರಡು ದಿನ ಈ ಸೇವೆಗೆ ಮೀಸಲಿಡಲಿ. ಕೊಠಡಿ ಕಟ್ಟಿಸಿದಷ್ಟೇ ಪುಣ್ಯದ ಕೆಲಸ ಇದೆಂದು ನಾನು ವಿನಮ್ರನಾಗಿ ನಂಬಿದ್ದೇನೆ.