ಹೊಸದು ಬರಲಿ, ಹಳೆಯದನ್ನು ಎತ್ತಿಡಬೇಡಿ

ಜಿಟಿಎ ವಿಡಿಯೊ ಗೇಮ್ ಸರಣಿಯ ಮೂರು ಹಳೆಯ ಆಟಗಳಿಗೆ ಹೊಸ ಬಣ್ಣ ಬಳಿದು ರಾಕ್‌ಸ್ಟಾರ್ ಕಂಪನಿ 2021ರ ನವೆಂಬರ್ 11ರಂದು ‘ಡೆಫಿನಿಟಿವ್ ಎಡಿಶನ್’ ಎಂದು ಬಿಡುಗಡೆ ಮಾಡಿತು. ಆಗ ಅಭಿಮಾನಿಗಳು ಎಬ್ಬಿಸಿದ ಗದ್ದಲವನ್ನು ಹಂಗಿಸುವವರು ಇವತ್ತಿಗೂ ಇದ್ದಾರೆ. ಹುನಗುಂದ, ಇಳಕಲ್ಲಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು, ಚೀಟ್ ಕೋಡ್‌ಗಳನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡು ಆ ಮೂರರಲ್ಲೊಂದಾದ ‘ಸ್ಯಾನ್ ಆಂಡ್ರಿಯಾಸ್’ ಆಡಿದ ನಮ್ಮ ತಲೆಮಾರಿಗೂ ಆ ಹಂಗಿನ ಮಾತು ತಗಲುತ್ತದೆ. ಅದಕ್ಕೇ ಈ ಉತ್ತರ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ನಮ್ಮ ರಾಮಥಾಳದ ಕಡೆಯ ಹಿರಿಯರು ಕೇಳುವುದು ಹೀಗೆ: “24 ಸಾವಿರ ಹೆಕ್ಟೇರಿನ ಹನಿ ನೀರಾವರಿ ಯೋಜನಾದಾಗ ಯಾರ ಹೊಲಕ್ಕ ನೀರು ಬಂತು, ಯಾರದಕ್ಕ ಬರಲಿಲ್ಲ ಅಂತ ಕೇಳೂದು ಬಿಟ್ಟು, ಆಟದೊಳಗಿನ ಮಳಿ ಸರಿಯಿಲ್ಲಂತ ಅಳ್ತೀರಲ್ಲೋ ತಮ್ಮಾ?” ಎರಡನ್ನೂ ಕೇಳೋಣ, ಕಾಕಾ. ಒಂದಕ್ಕೆ ಬಾಯಿ ತೆರೆದವನು ಇನ್ನೊಂದಕ್ಕೆ ಮುಚ್ಚಿಕೊಂಡಿರಬೇಕೆಂಬ ಕರಾರೇನೂ ಇಲ್ಲ.

“ಇದೆಲ್ಲ ಬಾಲ್ಯದ ನೆನಪಿನ ಮರುಳು, ಹೊಸದು ಏನೇ ಬಂದರೂ ನಿಮಗೆ ಸೇರುವುದಿಲ್ಲ” ಎನ್ನುವುದು ಇನ್ನೊಂದು ಆಕ್ಷೇಪ. ಮಳೆಯಿಂದಲೇ ನೋಡೋಣ. ಹೊಸ ಆವೃತ್ತಿಯಲ್ಲಿ ಮಳೆ ದಪ್ಪ ಬಿಳಿ ಗೆರೆಗಳಾಗಿ ಸುರಿದು, ಮುಂದಿನ ರಸ್ತೆಯೇ ಕಾಣದಂತಾಗಿತ್ತು. ಹಳೆಯ ಚಿತ್ರಗಳನ್ನು ಯಂತ್ರದ ಕೈಗೆ ಕೊಟ್ಟು ದೊಡ್ಡದು ಮಾಡಿಸಿದ್ದರಿಂದ ಅಂಗಡಿ ಬೋರ್ಡುಗಳ ಅಕ್ಷರ ತಪ್ಪಿದವು. ಒಂದು ಡೋನಟ್ ಅಂಗಡಿಯ ಮೇಲಿದ್ದ ಆರು ಮೂಲೆಯ ನಟ್, ಬೋಲ್ಟಿಗೆ ಹಾಕುವಂಥದ್ದು, ಮೂಲೆ ಸವೆದು ಗುಂಡಗಾಗಿ ಕೂತಿತ್ತು. ಮಾಡಿದವರು ಅದನ್ನು ಒಮ್ಮೆ ಕಣ್ಣಿಟ್ಟು ನೋಡಿದ್ದರೂ ಹಾಗಾಗುತ್ತಿರಲಿಲ್ಲ. ಹಳೆಯ ಆಟದಲ್ಲಿ ದೂರದ ಗುಡ್ಡವನ್ನು ಮಂಜು ಮುಚ್ಚುತ್ತಿತ್ತು. ಅಂದಿನ ಯಂತ್ರಗಳ ಶಕ್ತಿ ಸಾಲದೆ ಮಾಡಿಕೊಂಡ ಉಪಾಯವದು, ನಿಜ. ಆದರೆ ಆ ಮಂಜಿನಿಂದಲೇ ನಾಡು ವಿಶಾಲವಾಗಿ ತೋರುತ್ತಿತ್ತು. ಮಂಜು ತೆಗೆದದ್ದೇ ತಡ, ಈ ಊರಿನಿಂದ ಆ ಊರು ಕಂಡುಬಿಟ್ಟು ಇಡೀ ರಾಜ್ಯವೇ ಅಂಗೈಯಗಲಕ್ಕೆ ಇಳಿಯಿತು.

ಇದು ಮರುಳಾಗಿದ್ದರೆ, ಬಿಡುಗಡೆಯಾಗಿ ಎಂಟೇ ದಿನಕ್ಕೆ, ನವೆಂಬರ್ 19ರಂದು, ಆಟಗಳು ತನ್ನದೇ ಗುಣಮಟ್ಟಕ್ಕೆ ಮುಟ್ಟಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳುತ್ತಿರಲಿಲ್ಲ. ಹೊಸತನ್ನೇ ಕಂಡರಾಗದ ಜನ ಇವರೆನ್ನುವುದೂ ಸುಳ್ಳು. 1998ರ ‘ರೆಸಿಡೆಂಟ್ ಈವಿಲ್ 2’ ಆಟವನ್ನು 2019ರಲ್ಲಿ ಬುಡದಿಂದ ಕಟ್ಟಿದಾಗ ಹೊಗಳಿದವರು ಇದೇ ಅಭಿಮಾನಿಗಳು. ‘ಗಾಡ್ ಆಫ್ ವಾರ್’ 2018ರಲ್ಲಿ ಕ್ಯಾಮೆರಾ, ಕಾದಾಟ, ನಾಯಕನ ಸ್ವಭಾವ ಎಲ್ಲವನ್ನೂ ಬದಲಿಸಿಕೊಂಡು ಬಂದಾಗಲೂ ಒಪ್ಪಿಕೊಂಡರು.

“ಕದ್ದ ಸಿಡಿಯಲ್ಲಿ ಆಡಿದವರಿಗೆ ದೂರುವ ಹಕ್ಕೆಲ್ಲಿಂದ ಬಂತು?” ಈ ಪ್ರಶ್ನೆಯಲ್ಲಿ ಖಾರವಿದೆ. ನಮ್ಮ ತಾಲ್ಲೂಕಿನ ಕೆಫೆಗಳಲ್ಲಿ ಅಸಲಿ ಸಿಡಿ ಇತ್ತೆಂದು ನಾನು ವಾದಿಸಲಾರೆ. ಆದರೆ 2021ರಲ್ಲಿ ಸಿಟ್ಟಾದವರು ದುಡ್ಡು ಕೊಟ್ಟು ಕೊಂಡವರು. ಕೊಂಡ ಪಿಸಿ ಆಟವನ್ನು ಬಿಡುಗಡೆಯ ಬೆನ್ನಿಗೇ ಕೆಲವು ದಿನ ತೆರೆಯಲೂ ಆಗದೆ ಕೂತಿದ್ದರು. ಗಿರಾಕಿ ದೂರದೆ ಇನ್ಯಾರು ದೂರಬೇಕು?

ಅಭಿಮಾನಿಗಳು ಆಟ ಕಟ್ಟುವ ಕೆಲಸಗಾರರಿಗೆ ಬೈಯುತ್ತಾರೆ ಎಂಬ ಆರೋಪಕ್ಕೆ ಮಾತ್ರ ನಾನು ಎದುರಾಳಿಗಳ ಪಕ್ಕದಲ್ಲೇ ನಿಲ್ಲುತ್ತೇನೆ. ಯೂಬಿಸಾಫ್ಟ್‌ನ ಪುಣೆ, ಮುಂಬಯಿ ಸ್ಟುಡಿಯೊಗಳು ಮರುರೂಪಿಸುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಆಟದ ತುಣುಕು 2020ರ ಸೆಪ್ಟೆಂಬರ್‌ನಲ್ಲಿ ಹೊರಬಂದಾಗ, ಚಿತ್ರ ಮಂಕಾಗಿದೆ ಎನ್ನುವುದರ ಜತೆಗೆ ‘ಭಾರತದವರು ಮಾಡಿದ್ದಲ್ಲವೇ’ ಎಂಬ ಕುಹಕವೂ ಕೇಳಿಸಿತು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ರಾಕ್‌ಸ್ಟಾರ್‌ಗೂ ಬೆಂಗಳೂರಿನಲ್ಲಿ ಸ್ಟುಡಿಯೊ ಇದೆ. 1997ರಲ್ಲಿ ಅಲ್ಲಿ ಶುರುವಾದ ಧ್ರುವ ಇಂಟರ‍್ಯಾಕ್ಟಿವ್ ಸಂಸ್ಥೆಯನ್ನು ಅದು 2019ರಲ್ಲಿ ಕೊಂಡುಕೊಂಡಿತು. ಅಂಥ ಕಡೆ ರಾತ್ರಿಯಿಡೀ ಕೂತು ಗೋಡೆ, ಗಾಡಿ ಚಿತ್ರಿಸುವವರಿಗೆ ಬೆದರಿಕೆ ಹಾಕುವವನು ಅಭಿಮಾನಿಯಲ್ಲ, ಪುಂಡ. ಸಿಗಬೇಕಿದ್ದ ಸಮಯ, ಹಣ ಕೊಡದೆ ಬಿಡುಗಡೆಯ ದಿನ ಗೊತ್ತುಮಾಡಿದವರು ಮೇಲಿರುತ್ತಾರೆ; ಬೈಗುಳ ಅಲ್ಲಿಗೆ ತಲುಪುವುದೇ ಇಲ್ಲ.

ಇನ್ನು ಕೊನೆಯ, ಬಹಳ ಜಾಣ ಎನಿಸುವ ವಾದ: “ಹೊಸದು ಹಿಡಿಸದಿದ್ದರೆ ಹಳೆಯದನ್ನೇ ಆಡಿಕೊಳ್ಳಿ, ತಡೆದವರಾರು?” ತಡೆದದ್ದು ಕಂಪನಿಯೇ! ಹೊಸದು ಬರುವ ಮೊದಲೇ, ಅಕ್ಟೋಬರ್‌ನಲ್ಲಿ, ಹಳೆಯ ಮೂರು ಆಟಗಳನ್ನೂ ಡಿಜಿಟಲ್ ಅಂಗಡಿಗಳಿಂದ ಎತ್ತಿಟ್ಟಿತು. ಹಳೆಯ ಆಟಗಳ ಒಳಗಟ್ಟನ್ನು ಬಿಡಿಸಿ ಮತ್ತೆ ಜೋಡಿಸಿದ್ದ ಅಭಿಮಾನಿಗಳ ಮೇಲೆ ರಾಕ್‌ಸ್ಟಾರ್‌ನ ಮಾತೃಸಂಸ್ಥೆ ಟೇಕ್‌-ಟೂ ಸೆಪ್ಟೆಂಬರ್‌ನಲ್ಲೇ ಮೊಕದ್ದಮೆ ಹೂಡಿತ್ತು. ಆಚೆಯ ದಾರಿ ಮುಚ್ಚಿ, ಈಚೆಯ ದಾರಿಗೆ ಮುಳ್ಳು ಹಾಕಿ, ನಡೆದುಹೋಗಿ ಎಂದರೆ ಹೇಗೆ?

ಹಳೆಯದನ್ನು ಉಳಿಸಿಯೇ ಹೊಸದನ್ನು ಕಟ್ಟುವುದು ಹೇಗೆಂದು ತಿಳಿಯಲು ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ನೋಡಿ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಂಚಿಯ ಕೈಲಾಸನಾಥ ಗುಡಿಯ ಪ್ರಭಾವ ಅದರ ಮೇಲೆ ಎದ್ದು ಕಾಣುತ್ತದೆ. ಗೆದ್ದ ಅರಸ ಮೂಲವನ್ನು ಕೆಡವಲಿಲ್ಲ. ಅದರ ಸಂಪತ್ತನ್ನು ಅದಕ್ಕೇ ಬಿಟ್ಟುಕೊಟ್ಟು, ಹಾಗೆಂದು ಅಲ್ಲೇ ಕನ್ನಡದಲ್ಲಿ ಶಾಸನ ಹಾಕಿಸಿದ. ಇವತ್ತು ಎರಡನ್ನೂ ಕಂಡು ಬಂದು, ಯಾವುದು ಹೆಚ್ಚೆಂದು ಬಸ್ಸಿನಲ್ಲಿ ಕೂತು ಜಗಳವಾಡಬಹುದು.

ಅಭಿಮಾನಿಗಳು ಕೇಳಿದ್ದೂ ಇಷ್ಟೇ, ಅದು ದಕ್ಕಿದ್ದು ಗದ್ದಲದಿಂದಲೇ. ಕ್ಷಮೆ ಕೇಳಿದ ಪ್ರಕಟಣೆಯಲ್ಲೇ ಹಳೆಯ ಪಿಸಿ ಆವೃತ್ತಿಗಳನ್ನು ಮತ್ತೆ ಮಾರುವುದಾಗಿಯೂ, ಹೊಸದನ್ನು ಕೊಂಡವರಿಗೆ ಅವನ್ನು ಪುಕ್ಕಟೆ ಕೊಡುವುದಾಗಿಯೂ ಕಂಪನಿ ಹೇಳಿತು. 2024ರ ನವೆಂಬರ್‌ನ ತಿದ್ದುಪಡಿಯಲ್ಲಿ ಹಳೆಯ ಬೆಳಕು, ಆಗಸದ ಬಣ್ಣವನ್ನೂ ಮರಳಿ ತಂದಿತು. ಹಾಗಾಗಿ ನಿಮ್ಮ ಮೆಚ್ಚಿನ ಆಟ ಯಾವುದಾದರೂ ಹೊಸ ಅವತಾರದಲ್ಲಿ ಬರುತ್ತಿದೆ ಎಂಬ ಸುದ್ದಿ ಬಂದಾಗ, ಮುಂಗಡ ಹಣ ಕಟ್ಟುವ ಮೊದಲು ಹಳೆಯದು ಇನ್ನೂ ಮಾರಾಟದಲ್ಲಿದೆಯೇ ನೋಡಿ. ಇಲ್ಲದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ.