ತಲೆಗೆ ತಕ್ಕ ಶಿರಸ್ತ್ರಾಣ

ನಮ್ಮ ದೇಶದ ರಸ್ತೆಗಳಲ್ಲಿ 2022ನೆಯ ಇಸವಿಯೊಂದರಲ್ಲಿಯೇ 1,68,491 ಮಂದಿ ಅಪಘಾತಗಳಿಂದ ಮೃತರಾದರೆಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯವು ಲೆಕ್ಕ ಕೊಟ್ಟಿದೆ. ಇವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದೆ ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದವರು. ಅವರ ಪೈಕಿ 14,337 ಮಂದಿ ಹಿಂಬದಿಯಲ್ಲಿ ಕುಳಿತಿದ್ದವರು. ಈ ಅಂಕಿಗಳನ್ನು ಓದಿ “ಎಲ್ಲರೂ ಹೆಲ್ಮೆಟ್ ಧರಿಸಬೇಕು” ಎಂದು ಹೇಳಿ ಮುಂದಿನ ಪುಟಕ್ಕೆ ತಿರುಗುವುದು ವಾಡಿಕೆ. ಆ ಮಾತು ನಿಜ. ಆದರೆ ಅದು ಅರ್ಧ ಮಾತು. ಎಂಥ ಹೆಲ್ಮೆಟ್ಟನ್ನು ಆರಿಸಬೇಕು, ಅದು ತಲೆಯ ಮೇಲೆ ಹೇಗೆ ಕುಳಿತಿರಬೇಕು ಎಂಬುದನ್ನು ತಿಳಿಸದ ಉಪದೇಶದಿಂದ ಹೆಚ್ಚಿನ ಪ್ರಯೋಜನವಿಲ್ಲ. ಪೋಲೀಸರ ಕಣ್ಣಿಗೆ ಶಿರಸ್ತ್ರಾಣವಾಗಿ ತೋರುವುದೆಲ್ಲವೂ ಭೌತಶಾಸ್ತ್ರದ ಕಣ್ಣಿಗೆ ಶಿರಸ್ತ್ರಾಣವಾಗಲಾರದು. ಅಲ್ಲದೆ, ಧರಿಸಲು ಸುಖವಿಲ್ಲದ ಶಿರಸ್ತ್ರಾಣವು ಸುರಕ್ಷಿತವೂ ಅಲ್ಲ. ಈ ಎರಡು ಅಭಿಪ್ರಾಯಗಳನ್ನು ಕಾರಣಸಹಿತವಾಗಿ ತರುಣ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಮೋಟಾರು ಸೈಕಲ್ಲಿನ ಮೇಲೆ ಕುಳಿತವನ ತಲೆಯು ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಕೆಳಕ್ಕೆ ಬೀಳುವ ವಸ್ತುವು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ 5.4 ಮೀಟರ್, ಎಂದರೆ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್ ವೇಗವನ್ನು ಪಡೆದಿರುತ್ತದೆ. ವಾಹನವು ನಿಂತಲ್ಲಿಯೇ ಉರುಳಿದರೂ ಈ ವೇಗವು ತಪ್ಪಿದ್ದಲ್ಲ. “ನಾನು ನಿಧಾನವಾಗಿ ಹೋಗುವವನು, ನನಗೆ ಹೆಲ್ಮೆಟ್ ಏತಕ್ಕೆ?” ಎನ್ನುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಭೂಮಿಯ ಆಕರ್ಷಣೆಯು ನಮ್ಮ ವೇಗಮಾಪಕವನ್ನು ನೋಡಿ ಕೆಲಸ ಮಾಡುವುದಿಲ್ಲ.

ಈಗ ಆ ವೇಗವು ಸೊನ್ನೆಗೆ ಇಳಿಯಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದರಲ್ಲಿಯೇ ತಲೆಯ ಭವಿಷ್ಯವೆಲ್ಲ ಅಡಗಿದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಸರಾಸರಿ ಋಣ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷಕ್ಕೆ ಎಷ್ಟು ಪಟ್ಟು ಎಂಬುದು ಸರಿಸುಮಾರಾಗಿ ದೊರೆಯುತ್ತದೆ. ಬರಿಯ ತಲೆಯು ಡಾಂಬರು ರಸ್ತೆಗೆ ತಗುಲಿದಾಗ ನೆತ್ತಿಯ ಚರ್ಮವು 3 ಮಿಲಿಮೀಟರಿನಷ್ಟು ಅಡಗಬಹುದೆಂದು ಇಟ್ಟುಕೊಳ್ಳೋಣ. ಉತ್ತರವು 500 ಪಟ್ಟು. ನಾಲ್ಕೂವರೆ ಕಿಲೋಗ್ರಾಮಿನ ತಲೆಯ ಮೇಲೆ ಎರಡು ಟನ್ನಿಗೂ ಮಿಗಿಲಾದ ಭಾರವನ್ನು ಕ್ಷಣಮಾತ್ರ ಹೇರಿದಂತಾಯಿತು. ಅದೇ ತಲೆಯು 25 ಮಿಲಿಮೀಟರ್ ದೂರದಲ್ಲಿ ಮೆಲ್ಲಗೆ ನಿಂತರೆ ಉತ್ತರವು 60 ಪಟ್ಟಿಗೆ ಇಳಿಯುತ್ತದೆ. ಶಿರಸ್ತ್ರಾಣವು ನಮಗೆ ಕೊಡುವುದು ಈ ಎರಡು ಸೆಂಟಿಮೀಟರುಗಳನ್ನೇ. ಬದುಕಿಗೂ ಸಾವಿಗೂ ನಡುವಣ ಅಂತರವು ಒಂದು ಬೆರಳಿನ ದಪ್ಪದಷ್ಟಾಗಿರಬಹುದು.

ಈ ಅಂತರವನ್ನು ಕೊಡುವುದು ಹೊರಗಿನ ಹೊಳೆಯುವ ಚಿಪ್ಪಲ್ಲ. ಅದರ ಒಳಗಿರುವ, ಸಾಮಾನ್ಯವಾಗಿ ಥರ್ಮೋಕೋಲ್ ಎಂದು ನಾವು ಕರೆಯುವ ಪಾಲಿಸ್ಟೈರೀನ್ ನೊರೆಯ ಪದರ. ಅದರ ಗಾತ್ರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಗಾಳಿಯೇ. ಪೆಟ್ಟು ಬಿದ್ದಾಗ ಅಸಂಖ್ಯಾತ ಸೂಕ್ಷ್ಮ ಕೋಶಗಳು ಅಪ್ಪಚ್ಚಿಯಾಗಿ ಚಲನಶಕ್ತಿಯನ್ನು ಹೀರಿಕೊಳ್ಳುತ್ತವೆ. ಮೆತ್ತನೆಯ ರಬ್ಬರನ್ನೋ ಸ್ಪಂಜನ್ನೋ ಇದರ ಸ್ಥಾನದಲ್ಲಿ ಏಕೆ ಇಡಬಾರದೆಂದು ವಿದ್ಯಾರ್ಥಿಗಳು ಕೇಳುವುದುಂಟು. ಸ್ಪಂಜು ಬಹುಬೇಗ ಪೂರ್ತಿಯಾಗಿ ಅಡಗಿಬಿಡುತ್ತದೆ. ರಬ್ಬರು ಹೀರಿದ ಶಕ್ತಿಯನ್ನು ಮರಳಿ ಕೊಟ್ಟು ತಲೆಯನ್ನು ಪುಟಿಸುತ್ತದೆ. ಪುಟಿದರೆ ಸಂವೇಗದ ಬದಲಾವಣೆಯು ಇನ್ನೂ ಹೆಚ್ಚು. ಆದಕಾರಣ ಜಜ್ಜಿಹೋಗಿ ಮರಳಿ ಏಳದಿರುವುದೇ ಒಳಪದರದ ಗುಣ. ಇದನ್ನು ಅರಿತು ಶಕ್ತಿಯನ್ನು ಹೀರುವ ಒಳಪದರದ ಶಿರಸ್ತ್ರಾಣಕ್ಕೆ ಅಮೆರಿಕದ ಲೊಂಬಾರ್ಡ್ ಮತ್ತು ರಾತ್ ಎಂಬವರು 1953ರಲ್ಲಿ ಪೇಟೆಂಟ್ ಪಡೆದರು. ಒಮ್ಮೆ ಬಲವಾದ ಪೆಟ್ಟು ತಿಂದ ಶಿರಸ್ತ್ರಾಣವು ಹೊರಗೆ ಅಂದವಾಗಿಯೇ ಕಂಡರೂ ಅದನ್ನು ಎಸೆಯಬೇಕೆನ್ನುವುದು ಇದೇ ಕಾರಣಕ್ಕೆ. ಅದರ ಸೆಂಟಿಮೀಟರುಗಳು ಆಗಲೇ ಖರ್ಚಾಗಿವೆ.

ಈ ವಿದ್ಯೆಯ ಇತಿಹಾಸವು ಒಂದು ಸಾವಿನೊಡನೆ ಸೇರಿಕೊಂಡಿದೆ. ‘ಅರೇಬಿಯದ ಲಾರೆನ್ಸ್’ ಎಂದು ಖ್ಯಾತರಾದ ಟಿ. ಇ. ಲಾರೆನ್ಸರು 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ಮೇಲೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಒಬ್ಬರು. ಕೇರ್ನ್ಸರು ಮುಂದೆ ಸೈನ್ಯದ ಮೋಟಾರು ಸೈಕಲ್ ಸವಾರರ ಗಾಯಗಳನ್ನು ಪರಿಶೀಲಿಸಿ 1941ರಲ್ಲಿ ಶಿರಸ್ತ್ರಾಣದ ಅಗತ್ಯವನ್ನು ಕುರಿತು ಲೇಖನ ಪ್ರಕಟಿಸಿದರು. ಬ್ರಿಟನ್ನಿನ ಸಾಮಾನ್ಯ ಜನರಿಗೆ ಅದು ಕಡ್ಡಾಯವಾದುದು 1973ರಲ್ಲಿ. ಆಕ್ಸ್‌ಫರ್ಡಿನ ಹೋಲ್ಬೋರ್ನ್ ಎಂಬ ಭೌತವಿಜ್ಞಾನಿಯು 1943ರಲ್ಲಿ ಜೆಲಟಿನ್ನಿನ ಮಿದುಳಿನ ಮಾದರಿಗಳನ್ನು ಇಟ್ಟುಕೊಂಡು, ನೇರವಾದ ಪೆಟ್ಟಿಗಿಂತಲೂ ತಲೆಯ ಹಠಾತ್ ಭ್ರಮಣವು ಮಿದುಳಿಗೆ ಹೆಚ್ಚು ಹಾನಿಕರವೆಂದು ತೋರಿಸಿದನು. ಚಿಪ್ಪು ನುಣುಪಾಗಿಯೂ ಗುಂಡಾಗಿಯೂ ಇದ್ದು ರಸ್ತೆಯ ಮೇಲೆ ಜಾರಬೇಕೆಂಬುದಕ್ಕೆ ಇದೇ ಆಧಾರ. ಅದಕ್ಕೆ ಕೊಂಬು, ಜುಟ್ಟು, ಕ್ಯಾಮರಾಗಳನ್ನು ಅಂಟಿಸಿಕೊಂಡು ತಿರುಗುವ ತರುಣರು ಈ ಪ್ರಯೋಗವನ್ನು ನೆನೆಯಬೇಕು.

ಹಾಗಾದರೆ ಅಂಗಡಿಯಲ್ಲಿ ಏನನ್ನು ನೋಡಬೇಕು? ಮೊದಲನೆಯದಾಗಿ, ಭಾರತೀಯ ಮಾನಕ ಸಂಸ್ಥೆಯ ಐಎಸ್ಐ ಗುರುತು. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ಟನ್ನು ದ್ವಿಚಕ್ರ ಸವಾರರಿಗೆಂದು ತಯಾರಿಸಿ ಮಾರುವುದು ಕಾನೂನಿಗೆ ವಿರುದ್ಧ. ಗುರುತಿನ ಮೇಲ್ಗಡೆ ಐಎಸ್ 4151 ಎಂಬ ಮಾನಕದ ಸಂಖ್ಯೆಯೂ ಕೆಳಗಡೆ ತಯಾರಕರ ಪರವಾನಗಿಯ ಸಂಖ್ಯೆಯೂ ಇರಬೇಕು. ಬರಿಯ ಚೀಟಿಯನ್ನು ಅಚ್ಚು ಹಾಕಿ ಅಂಟಿಸುವುದು ಕಷ್ಟವಲ್ಲ. ಆದುದರಿಂದ ಆ ಸಂಖ್ಯೆಯನ್ನು ಸಂಸ್ಥೆಯ ‘ಬಿಐಎಸ್ ಕೇರ್’ ಎಂಬ ಮೊಬೈಲ್ ತಂತ್ರಾಂಶದಲ್ಲಿ ಪರೀಕ್ಷಿಸಿ ನೋಡತಕ್ಕದ್ದು. ಎರಡನೆಯದಾಗಿ, ಒಳಗೆ ಬೆರಳಿಟ್ಟು ಬಟ್ಟೆಯ ಹಿಂದೆ ಗಟ್ಟಿಯಾದ ನೊರೆಪದರವಿದೆಯೇ ಎಂದು ತಿಳಿಯಬೇಕು. ರಸ್ತೆಯ ಬದಿಯಲ್ಲಿ ರಾಶಿ ಹಾಕಿ ಮಾರುವ ಬೋಗುಣಿಯಂಥ ಟೋಪಿಗಳಲ್ಲಿ ಎಷ್ಟೋ ವೇಳೆ ಅದು ಇರುವುದೇ ಇಲ್ಲ. ಅವು ದಂಡದಿಂದ ಪಾರುಮಾಡಬಹುದು, ನೆಲದಿಂದ ಪಾರುಮಾಡಲಾರವು. ಮೂರನೆಯದಾಗಿ, ಮುಖವನ್ನೂ ಗಲ್ಲವನ್ನೂ ಮುಚ್ಚುವ ಪೂರ್ಣ ಶಿರಸ್ತ್ರಾಣವನ್ನೇ ಆರಿಸುವುದು ಲೇಸು. ಜರ್ಮನಿಯಲ್ಲಿ ಅಪಘಾತಗಳಿಗೆ ಸಿಕ್ಕಿದ ಶಿರಸ್ತ್ರಾಣಗಳನ್ನು ಪರಿಶೀಲಿಸಿದಾಗ ಪೆಟ್ಟಿನ ಗುರುತುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗಲ್ಲದ ಭಾಗದಲ್ಲಿಯೇ ಕಂಡುಬಂದುವು.

ಇನ್ನು ಸುಖದ ವಿಚಾರ. ಸುಖವೆಂದರೆ ಸಡಿಲವೆಂದು ಬಹುಮಂದಿ ತಿಳಿದಿದ್ದಾರೆ. ಇದು ಸರಿಯಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು, ಆ ಅಳತೆಯದನ್ನು ಧರಿಸಿ, ಶಿರಸ್ತ್ರಾಣವನ್ನು ಕೈಯಿಂದ ಆಡಿಸಿ ನೋಡಬೇಕು. ಅದರೊಡನೆ ಕೆನ್ನೆಯ ಮತ್ತು ಹಣೆಯ ಚರ್ಮವೂ ಸರಿದಾಡಿದರೆ ಅಳತೆ ಸರಿ. ತಲೆಯು ಒಳಗೇ ತಿರುಗಿದರೆ ಅದು ದೊಡ್ಡದು. ಪಟ್ಟಿಯನ್ನು ಬಿಗಿದು, ಹಿಂಭಾಗದ ಅಂಚನ್ನು ಮೇಲಕ್ಕೆ ತಳ್ಳಿದಾಗ ಅದು ಮುಂದಕ್ಕೆ ಕಳಚಿಕೊಳ್ಳಬಾರದು. ಎಲ್ಲರ ತಲೆಯೂ ಒಂದೇ ಆಕಾರದ್ದಲ್ಲ. ಕೆಲವರದು ಗುಂಡು, ಕೆಲವರದು ನೀಳ. ಆದುದರಿಂದ ಅಂಗಡಿಯಲ್ಲಿಯೇ ಕಾಲು ಗಂಟೆ ಧರಿಸಿ ಕುಳಿತುಕೊಳ್ಳಬೇಕು. ಹಣೆಯ ಒಂದೇ ಎಡೆಯಲ್ಲಿ ನೋವು ಹುಟ್ಟಿದರೆ, ಅಳತೆ ಸರಿಯಿದ್ದರೂ ಆಕಾರವು ಹೊಂದಲಿಲ್ಲವೆಂದು ಅರ್ಥ. ಕನ್ನಡಕ ಹಾಕುವವರು ಕನ್ನಡಕದೊಡನೆಯೇ ಪರೀಕ್ಷಿಸಬೇಕು. ಚಪ್ಪಲಿಯನ್ನು ಹತ್ತು ಸಲ ಮೆಟ್ಟಿ ನೋಡುವ ನಾವು ಹೆಲ್ಮೆಟ್ಟನ್ನು ಕೈಯಲ್ಲಿ ತಿರುವಿ ಕೊಂಡು ಬರುವುದು ಸೋಜಿಗವೇ ಸರಿ.

ಸುಖವನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಿಗಿದು ನೋಯಿಸುವ, ಬೆವರಿಳಿಸುವ ಶಿರಸ್ತ್ರಾಣವು ಕೆಲವೇ ದಿನಗಳಲ್ಲಿ ತಲೆಯಿಂದ ಇಳಿದು ಪೆಟ್ರೋಲ್ ಟ್ಯಾಂಕಿನ ಮೇಲೆ, ಬಳಿಕ ಮೊಳಕೈಗೆ, ಕೊನೆಗೆ ಮನೆಯ ಗೂಟಕ್ಕೆ ಹೋಗಿ ಸೇರುತ್ತದೆ. ಅದರ ಪರೀಕ್ಷಾಪತ್ರಗಳೆಷ್ಟೇ ಉತ್ತಮವಾಗಿರಲಿ, ಅಲ್ಲಿಂದ ಅದು ಯಾರನ್ನೂ ಕಾಯಲಾರದು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಸವಾರಿ ಮಾಡುವವನಿಗೆ ಗಾಳಿಯ ಕಂಡಿಗಳು ಶೋಕಿಯಲ್ಲ; ಬೆವರು ಆವಿಯಾಗಿ ತಲೆಯನ್ನು ತಣಿಸಬೇಕಾದರೆ ಗಾಳಿಯು ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಡಲೇಬೇಕು. ಬಿಳಿಯ ಬಣ್ಣವು ಬಿಸಿಲನ್ನು ಹೆಚ್ಚಾಗಿ ಪ್ರತಿಫಲಿಸುವುದಲ್ಲದೆ ಇತರರ ಕಣ್ಣಿಗೂ ಬೇಗ ಬೀಳುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಪ್ಪು ಶಿರಸ್ತ್ರಾಣದವರಿಗಿಂತ ಬಿಳಿಯದನ್ನು ಧರಿಸಿದವರಿಗೆ ಅಪಘಾತದ ಗಾಯದ ಸಂಭವವು ನೂರಕ್ಕೆ 24ರಷ್ಟು ಕಡಿಮೆಯಾಗಿತ್ತು.

ಆಕ್ಷೇಪಗಳಿಲ್ಲದೆ ಇಲ್ಲ. ಕಿವಿ ಮುಚ್ಚಿ ಹಾರನ್ ಕೇಳಿಸದೆಂಬುದು ಒಂದು. ಆದರೆ ಶಿರಸ್ತ್ರಾಣವು ಹಾರನ್ನಿನ ಸದ್ದನ್ನು ತಗ್ಗಿಸುವಂತೆ ಎಂಜಿನ್ನಿನ ಮತ್ತು ಗಾಳಿಯ ಗದ್ದಲವನ್ನೂ ತಗ್ಗಿಸುತ್ತದೆ. ಒಂದಕ್ಕೊಂದರ ಪ್ರಮಾಣವು ಹೆಚ್ಚು ಕೆಡುವುದಿಲ್ಲ. ಪಕ್ಕಕ್ಕೆ ಕಾಣದೆಂಬುದು ಇನ್ನೊಂದು. ಐರೋಪ್ಯ ಮಾನಕವು ನಡುಗೆರೆಯಿಂದ ಎರಡು ಪಕ್ಕಕ್ಕೂ 105 ಅಂಶಗಳಷ್ಟು ನೋಟವನ್ನು ಬಿಟ್ಟಿರಬೇಕೆಂದು ವಿಧಿಸುತ್ತದೆ. ಎಂದರೆ ಭುಜದ ನೇರಕ್ಕಿಂತಲೂ ಹಿಂದಕ್ಕೆ. ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಶಿರಸ್ತ್ರಾಣದಿಂದ ಸಾವಿನ ಸಂಭವವು ನೂರಕ್ಕೆ 42ರಷ್ಟು, ತಲೆಯ ಗಾಯದ ಸಂಭವವು ನೂರಕ್ಕೆ 69ರಷ್ಟು ಕಡಿಮೆಯಾಗುವುದೆಂದು ನಿರ್ಣಯಿಸಿದೆ. ಈ ಅಂಕಿಗಳನ್ನು ಸಾವನ್ನೇ ಗೆದ್ದೆವೆಂಬಂತೆಯೂ ಓದಬಾರದು. ನೂರಕ್ಕೆ 42 ನೂರಲ್ಲ. ಶಿರಸ್ತ್ರಾಣ ಧರಿಸಿದವನಿಗೆ ವೇಗವಾಗಿ ಓಡಿಸುವ ಹಕ್ಕು ಬಂದಂತಾಗಲಿಲ್ಲ. ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಮಡಿಯಾಗುವುದು, ಆದರೆ ಥರ್ಮೋಕೋಲಿನ ದಪ್ಪವು ಇದ್ದಷ್ಟೇ ಇರುವುದು.

ಕಡೆಯದಾಗಿ ಹಿಂಬದಿಯವರ ಮಾತು. ಮುಂದೆ ಕುಳಿತ ಮಗನು ಒಳ್ಳೆಯ ಶಿರಸ್ತ್ರಾಣವನ್ನು ಧರಿಸಿ, ಹಿಂದೆ ಕುಳಿತ ತಾಯಿಗೋ ತಂಗಿಗೋ ಹೆಸರಿಗೊಂದು ಟೋಪಿಯನ್ನು ಕೊಡುವುದು ನಮ್ಮ ಊರುಗಳಲ್ಲಿ ಸಾಮಾನ್ಯ ದೃಶ್ಯ. ಇಬ್ಬರ ತಲೆಯೂ ಬೀಳುವ ಎತ್ತರ ಒಂದೇ, ರಸ್ತೆಯ ಗಡಸುತನವೂ ಒಂದೇ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯಿದೆಯು ನಾಲ್ಕು ವರ್ಷಕ್ಕೆ ಮೇಲ್ಪಟ್ಟ ಎಲ್ಲರಿಗೂ ಶಿರಸ್ತ್ರಾಣವನ್ನು ವಿಧಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ. ಸಾವಿರಾರು ರೂಪಾಯಿಗಳ ಮೊಬೈಲಿಗೆ ಗಾಜಿನ ರಕ್ಷೆಯನ್ನೂ ಚೀಲವನ್ನೂ ಹುಡುಕಿ ಕೊಳ್ಳುವ ತರುಣನು, ತನ್ನ ಮನೆಯವರ ತಲೆಗೆ ಅಳತೆ ನೋಡಿ ಒಂದು ಶಿರಸ್ತ್ರಾಣವನ್ನು ಕೊಳ್ಳಲಾರನೆ? ಮುಂದಿನ ಸಲ ಅಂಗಡಿಗೆ ಹೋಗುವಾಗ ಹಿಂಬದಿಯಲ್ಲಿ ಕುಳಿತುಕೊಳ್ಳುವವರನ್ನೂ ಜೊತೆಗೆ ಕರೆದೊಯ್ಯಿರಿ. ಅವರ ತಲೆಯನ್ನು ಬಿಟ್ಟು ಅವರ ಶಿರಸ್ತ್ರಾಣವನ್ನು ಆರಿಸುವುದು ಸಾಧ್ಯವಿಲ್ಲ.