ಸುಪ್ಪತ್ತಿಗೆಯೋ ಬರಿನೆಲವೋ?

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಹಾಸಿಗೆಯ ವಿಚಾರವೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಕನ್ನಡದ ಅಧ್ಯಾಪಕನಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಮಾತಿನ ದಾರಿಯಿಂದಲೇ. ಮಲಗುವ ಬಗೆಗಳನ್ನು ನಮ್ಮ ಭಾಷೆ ಎಷ್ಟು ಚೊಕ್ಕವಾಗಿ ಗುರುತಿಸಿದೆ! ಬೆನ್ನು ಕೆಳಗಾದರೆ ಅಂಗಾತ. ಪಕ್ಕಕ್ಕೆ ತಿರುಗಿದರೆ ಮಗ್ಗುಲು. ಹೊಟ್ಟೆ ಕೆಳಗಾದರೆ ಬೋರಲು. ಈ ಕೊನೆಯದನ್ನು ನಮ್ಮ ಕಡೆಯ ಆಡುಮಾತಿನಲ್ಲಿ ‘ಮಕಾಡೆ’ ಎನ್ನುತ್ತಾರೆ. ಮಾತಿಗೆ ಇರುವ ಈ ವಿವೇಕ ಹಾಸಿಗೆ ಕೊಳ್ಳುವ ನಮಗೆ ಇಲ್ಲ. ಬೆಲೆ ಕೇಳುತ್ತೇವೆ, ದಪ್ಪ ನೋಡುತ್ತೇವೆ, ಬಣ್ಣ ಆರಿಸುತ್ತೇವೆ. ಅದರ ಮೇಲೆ ಮಲಗತಕ್ಕವರು ಅಂಗಾತ ಮಲಗುವವರೋ ಬೋರಲು ಮಲಗುವವರೋ ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ.

ಶಿರಾ ತಾಲ್ಲೂಕಿನ ನಮ್ಮ ಪಟ್ಟನಾಯಕನಹಳ್ಳಿಯ ಸುತ್ತಮುತ್ತ ಸೊಂಟನೋವು ಮನೆಮನೆಯ ಮಾತು. ರಾಗಿಯ ಹೊಲದಲ್ಲಿ ಕಳೆ ತೆಗೆಯುವುದು, ಕಡಲೆಕಾಯಿ ಕೀಳುವುದು ಎಲ್ಲವೂ ಬಗ್ಗಿ ಮಾಡುವ ಕೆಲಸ. ಮಕ್ಕಳು ಬೆಂಗಳೂರು ಸೇರಿ ನಾಲ್ಕು ಕಾಸು ಕಂಡೊಡನೆ ಊರಿನ ಅವ್ವನಿಗೆಂದು ದಪ್ಪನೆಯ, ಮೆತ್ತನೆಯ ಫೋಮು ಹಾಸಿಗೆಯೊಂದನ್ನು ತಂದು ಹಾಕುತ್ತಾರೆ. ಪ್ರೀತಿ ನಿಜವಾದದ್ದೇ. ಆದರೆ ತಿಂಗಳು ಕಳೆಯುವುದರೊಳಗೆ ಆ ಹಾಸಿಗೆ ನೆಂಟರ ಪಾಲಾಗಿ, ಅವ್ವ ಮತ್ತೆ ಚಾಪೆಗೆ ಇಳಿದಿರುವುದನ್ನು ಕಂಡಿದ್ದೇನೆ. ಕಾರಣ ಕೇಳಿದರೆ, “ಅದ್ರಾಗೆ ಮಕ್ಕಂಡ್ರೆ ಗುಂಡಿಗೆ ಬಿದ್ದಂಗಾಗ್ತೈತೆ ಕಣಪ್ಪ” ಎಂಬ ಉತ್ತರ. ಹಳ್ಳಿಯವರಿಗೆ ಸುಖ ಒಗ್ಗದು ಎಂದು ಮಕ್ಕಳು ನಗುತ್ತಾರೆ. ನಗುವ ಮಾತಲ್ಲ ಅದು. ರೋಗದ ಮೂಲವನ್ನೇ ಆ ತಾಯಿ ಹೇಳಿಬಿಟ್ಟಿದ್ದಾಳೆ.

ಬೋರಲು ಮಲಗಿದಾಗ ದೇಹದ ಭಾರದ ಬಹುಪಾಲು ಹೊಟ್ಟೆ ಸೊಂಟಗಳ ಮೇಲೆ ಬೀಳುತ್ತದೆ. ಹಾಸಿಗೆ ಮೆತ್ತಗಿದ್ದರೆ ಅಲ್ಲಿಯೇ ಕುಸಿಯುತ್ತದೆ. ಎದೆಯೂ ಕಾಲೂ ಮೇಲುಳಿದು ನಡು ತೊಟ್ಟಿಲಿನಂತೆ ಜೋತುಬೀಳುತ್ತದೆ. ಬೆನ್ನೆಲುಬಿನ ಕೆಳಭಾಗಕ್ಕೆ ಸಹಜವಾಗಿ ಇರುವ ಬಾಗು ಅತಿಯಾಗಿ, ಅಲ್ಲಿನ ಕೀಲುಗಳೂ ಸ್ನಾಯುಗಳೂ ರಾತ್ರಿಯೆಲ್ಲ ಹಿಡಿದುಕೊಂಡಿರುತ್ತವೆ. ಉಸಿರಾಡಲು ಮುಖವನ್ನು ಒಂದು ಕಡೆಗೆ ತಿರುಗಿಸಲೇಬೇಕಾದ್ದರಿಂದ ಕತ್ತಿಗೂ ತಿರುಚು. ಎತ್ತರದ ದಿಂಬು ಸೇರಿತೆಂದರೆ ಕಷ್ಟ ಇಮ್ಮಡಿ.

ಹಾಗಾದರೆ ಬರಿನೆಲವೇ ಲೇಸೆ? ಹೀಗೆನ್ನುವವರೂ ನಮ್ಮಲ್ಲಿ ಕಡಿಮೆಯಿಲ್ಲ. ನಮ್ಮ ಮನಸ್ಸಿನಲ್ಲಿ ಎರಡು ಚಿತ್ರಗಳು ಬಲವಾಗಿ ನಿಂತಿವೆ. ಒಂದು, ಅರಸರ ಸುಪ್ಪತ್ತಿಗೆ. ಅದು ಭೋಗದ ಚಿಹ್ನೆ. ಇನ್ನೊಂದು, ವಿರಕ್ತರ ನೆಲಶಯ್ಯೆ. ಅದು ತ್ಯಾಗದ ಚಿಹ್ನೆ. ಹಣ ಬಂದಾಗ ಮೊದಲನೆಯದಕ್ಕೆ ಹಾತೊರೆಯುತ್ತೇವೆ, ನೋವು ಬಂದಾಗ ಎರಡನೆಯದಕ್ಕೆ ಓಡುತ್ತೇವೆ. ಆದರೆ ಬೆನ್ನಿಗೆ ಭೋಗವೂ ತಿಳಿಯದು, ತ್ಯಾಗವೂ ತಿಳಿಯದು. ಅದಕ್ಕೆ ಬೇಕಾದದ್ದು ಆಸರೆ.

ಈ ಮಾತಿಗೆ ಪರೀಕ್ಷೆಯ ಆಧಾರವೂ ಉಂಟು. ಸ್ಪೇನ್ ದೇಶದ ಕೊವಾಕ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಬಹುಕಾಲದ ಸೊಂಟನೋವಿನಿಂದ ನರಳುತ್ತಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಡುಸಾದ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಡುಸಿನದನ್ನೂ ಕೊಟ್ಟು 90 ದಿನ ನೋಡಿದರು. ಫಲಿತಾಂಶ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಧ್ಯಮ ಹಾಸಿಗೆಯವರಿಗೇ ಹೆಚ್ಚು ಉಪಶಮನ ದೊರೆತಿತ್ತು. 1 ಎಂದರೆ ಅತಿ ಗಡುಸು, 10 ಎಂದರೆ ಅತಿ ಮೃದು ಎಂಬ ಅಳತೆಯಲ್ಲಿ ಗಡುಸಿನದು 2.3, ಮಧ್ಯಮದ್ದು 5.6. ‘ಹಲಗೆಯ ಮೇಲೆ ಮಲಗು’ ಎಂಬ ಹಳೆಯ ಉಪದೇಶದ ಬುಡ ಇದರಿಂದ ಅಲುಗಿತು. ಆದರೂ ಇದು ಸೊಂಟನೋವಿನವರ ಸರಾಸರಿ ಲೆಕ್ಕ. ನಡು ಕುಸಿಯುವ ಭಯ ಹೆಚ್ಚಾಗಿರುವ ಬೋರಲು ಮಲಗುವವರು, ಅದರಲ್ಲಿಯೂ ಮೈಭಾರವುಳ್ಳವರು, ಮಧ್ಯಮಕ್ಕಿಂತ ತುಸು ಗಡುಸಿನ ಕಡೆಗೆ ವಾಲುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಅಂಥ ಆಸರೆಗೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮದು ತೆಂಗಿನ ಜಿಲ್ಲೆ. ರಬ್ಬರಿನ ಹಾಲು ಸೇರಿಸಿ ಒತ್ತಿದ ತೆಂಗಿನ ನಾರಿನ ಹಾಸಿಗೆ ಬೇಗ ಕುಸಿಯದು, ಗಾಳಿಯಾಡುತ್ತದೆ. ಅದರ ಮೇಲೆ ಎರಡು ಬೆರಳು ದಪ್ಪದ ಮೃದುವಾದ ಪದರವಿದ್ದರೆ ಎದೆಯೂ ಪಕ್ಕೆಲುಬೂ ನೋಯುವುದಿಲ್ಲ. ಹತ್ತಿಯ ಹಾಸಿಗೆಯೂ ಒಳ್ಳೆಯದೇ. ಆದರೆ ಹತ್ತಿ ಗಂಟುಕಟ್ಟಿ ನಡುವೆ ಹಳ್ಳ ಬಿದ್ದಾಗ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಬೇಕು. ಮೈಗೆ ಒಗ್ಗಿದರೆ ಚಾಪೆಯ ಮೇಲೆ ಎರಡು ಮೂರು ಮಡಿಕೆಯ ಕಂಬಳಿ ಹಾಸಿದರೂ ಸಾಕು. ನವಾರಿನ ಮಂಚ ಜೋತುಬಿದ್ದಿದ್ದರೆ ಮೇಲೆ ಎಂಥ ಹಾಸಿಗೆ ಹಾಸಿದರೂ ವ್ಯರ್ಥ. ಮೊದಲು ಮಂಚವನ್ನು ಬಿಗಿಸಬೇಕು, ಇಲ್ಲವೇ ಹಲಗೆ ಕೊಡಬೇಕು. ಅಂಗಡಿಯವರು ‘ಆರ್ಥೋಪೆಡಿಕ್’ ಎಂಬ ಪದವನ್ನು ಮಂತ್ರದಂತೆ ಉಚ್ಚರಿಸುತ್ತಾರೆ. ಹಾಸಿಗೆಯ ಮೇಲೆ ಆ ಹೆಸರು ಅಚ್ಚಾದ ಮಾತ್ರಕ್ಕೆ ವೈದ್ಯರು ಅದನ್ನು ಪರೀಕ್ಷಿಸಿದ್ದಾರೆಂದು ಭಾವಿಸಕೂಡದು.

ಇನ್ನು ಪರೀಕ್ಷಿಸುವ ರೀತಿ. ಅಂಗಡಿಯಲ್ಲಿ ನಾವು ಅಂಗೈಯಿಂದ ಒತ್ತಿ ನೋಡುತ್ತೇವೆ. ಆದರೆ ಹಾಸಿಗೆ ಹೊರಬೇಕಾದದ್ದು ಅಂಗೈಯ ಭಾರವನ್ನಲ್ಲ, ಇಡೀ ದೇಹದ ಭಾರವನ್ನು. ಕಾಲು ಗಂಟೆ ನಮ್ಮ ರೂಢಿಯಂತೆಯೇ ಮಲಗಿ, ಜೊತೆಯವರು ಪಕ್ಕದಿಂದ ನೋಡಬೇಕು. ಸೊಂಟ ಎದೆಗಿಂತ ಕೆಳಗಿಳಿದಿದ್ದರೆ ಆ ಹಾಸಿಗೆ ಬೇಡ. ನಮ್ಮ ಹೆಂಗಸರು ಅಂಗಡಿಯಲ್ಲಿ ಹತ್ತು ಜನರ ಎದುರು ಬೋರಲು ಮಲಗಿಯಾರೆ? ಆದ್ದರಿಂದಲೇ ಅವರ ಹಾಸಿಗೆಯನ್ನು ಗಂಡಸರ ಅಂಗೈ ಆರಿಸುತ್ತದೆ. ನೋಯುವುದು ಅವರ ಸೊಂಟ. ಮರೆಯೊಂದನ್ನು ಕಟ್ಟಿಕೊಡುವುದು ಅಂಗಡಿಯವರಿಗೆ ದೊಡ್ಡ ವೆಚ್ಚವಲ್ಲ. ಸುರುಳಿ ಸುತ್ತಿ ಮನೆಗೇ ಕಳುಹಿಸುವ ಕೆಲವು ಕಂಪನಿಗಳು ನೂರು ರಾತ್ರಿ ಮಲಗಿ ನೋಡಿ, ಒಪ್ಪದಿದ್ದರೆ ಹಿಂದಿರುಗಿಸಿ ಎನ್ನುತ್ತವೆ. ಒಳ್ಳೆಯ ಏರ್ಪಾಡೇ, ಆದರೆ ಹಿಂದಕ್ಕೆ ಒಯ್ಯಲು ನಮ್ಮ ಹಳ್ಳಿಯವರೆಗೂ ಬರುತ್ತಾರೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳತಕ್ಕದ್ದು.

ಬೋರಲು ಮಲಗುವುದನ್ನೇ ಬಿಡಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳುವರು. ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗುವುದು ಬೆನ್ನಿಗೆ ಹಿತವೆಂಬುದು ಸರಿಯೇ. ಆದರೆ ನಲವತ್ತು ವರ್ಷದ ರೂಢಿ ಒಂದು ರಾತ್ರಿಯಲ್ಲಿ ಹೋಗುವುದಿಲ್ಲ; ನಿದ್ದೆಯಲ್ಲಿರುವವನಿಗೆ ಆಜ್ಞೆ ಮಾಡುವವರು ಯಾರು? ಅಲ್ಲಿಯತನಕ ತಲೆಯ ದಿಂಬನ್ನು ತೆಗೆದು, ಅಥವಾ ತೀರ ತೆಳುವಾದದ್ದನ್ನು ಇಟ್ಟು, ಇನ್ನೊಂದು ತೆಳು ದಿಂಬನ್ನು ಕಿಬ್ಬೊಟ್ಟೆಯ ಅಡಿಗೆ ಇಟ್ಟುಕೊಂಡರೆ ನಡು ಜೋಲುವುದು ತಪ್ಪುತ್ತದೆ. ಇದಕ್ಕೆ ಖರ್ಚೇ ಇಲ್ಲ. ಆದರೆ ನೋವು ಕಾಲಿಗೆ ಇಳಿದು ಪಾದ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಹಾಸಿಗೆಯ ಅಂಗಡಿಗಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೆಲ್ಲ ಹಣದ ಮಿತಿಗೆ ಅನ್ವಯಿಸುತ್ತೇವೆ. ಹಾಸಿಗೆಯ ಮಟ್ಟಿಗೆ ಅದು ತಿರುಗುಮುರುಗಾಗಬೇಕು: ಮಲಗುವವರ ಮೈಯನ್ನು ನೋಡಿ ಹಾಸಿಗೆಯನ್ನು ತರಬೇಕು. ಊರಿನ ಅವ್ವನಿಗೆ ಹಾಸಿಗೆ ಕೊಳ್ಳಹೊರಟ ಮಕ್ಕಳು ಬೆಲೆಯನ್ನು ವಿಚಾರಿಸುವ ಮುನ್ನ ಅವಳು ಹೇಗೆ ಮಲಗುತ್ತಾಳೆಂಬುದನ್ನು ವಿಚಾರಿಸಲಿ.